ಹೆದ್ದಾರಿ ಊರಾಚೆ ಹೋದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವಯಸ್ಸು, ಊರಿನ ಗುರುತು ಬದಲಿಸಿದ್ದೇನೆ. ಬರೆಯುವುದಕ್ಕೆ ತಂದೆ, ಮಗಳು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ಶ್ವೇತಾ ಅವರಿಗೆ 28 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಊರು ಮಂಡ್ಯದ ಮಗ್ಗುಲಲ್ಲೇ. ತಂದೆ ಹಳೇ ಬೆಂಗಳೂರು-ಮೈಸೂರು ರಸ್ತೆ ಪಕ್ಕದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತಿಂಡಿ ಹೋಟೆಲ್ ನಡೆಸುತ್ತಿದ್ದಾರೆ. ಮಗಳ ಓದು, ತಂಗಿಯ ಮದುವೆ, ಮನೆಯ ತಾರಸಿ ಎಲ್ಲ ಅದರಿಂದಲೇ ಆದದ್ದು.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು, ಮಂಡ್ಯ ಜಿಲ್ಲೆಯಲ್ಲೇ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟೂ ಊರುಗಳ ಹೊರಗಿನಿಂದ ಬೈಪಾಸ್ ಬಂತು. ನಿತ್ಯ ಊರೊಳಗೆ ಹಾದುಹೋಗುತ್ತಿದ್ದ ಕಾರುಗಳು ಊರಿನ ಹೆಸರಿರುವ ಹಸಿರು ಫಲಕ ನೋಡಿಕೊಂಡು ಮುಂದೆ ಹೋಗತೊಡಗಿದವು. ಹಳೇ ರಸ್ತೆಯ ಎಷ್ಟೋ ಹೋಟೆಲುಗಳ ಹಾಗೆ ಇವರದಕ್ಕೂ ವ್ಯಾಪಾರ ಇಳಿಯಿತು.

ನನ್ನ ಬಳಿ ಬಂದಾಗ ಶ್ವೇತಾ ಕೇಳಿದ್ದು ಒಂದೇ ಪ್ರಶ್ನೆ: "ಕೆಲಸ ಬಿಟ್ಟು ಬಿಸಿನೆಸ್‌ಗೆ ಇಳೀಬಹುದಾ ಮೇಡಂ?" ಕೈಯಲ್ಲಿ ಅಚ್ಚುಕಟ್ಟಾದ ಕಡತವಿತ್ತು. ಎಕ್ಸ್‌ಪ್ರೆಸ್‌ವೇಯ ಸರ್ವೀಸ್ ರಸ್ತೆಗೆ ಮುಖಮಾಡಿರುವ ಜಮೀನನ್ನು ಬಾಡಿಗೆಗೆ ಹಿಡಿದು ದೊಡ್ಡ ಹೋಟೆಲ್ ಕಟ್ಟುವ ಯೋಜನೆ. ಹೊಸ ಉದ್ಯಮಕ್ಕೆ ಸಬ್ಸಿಡಿ ಸಾಲ ಕೊಡಿಸುವ ಕೇಂದ್ರದ ಯೋಜನೆ ಪಿಎಂಇಜಿಪಿ ಅಡಿಯಲ್ಲಿ 20 ಲಕ್ಷ, ಮುಂಗಡಕ್ಕೂ ದಿನದ ಖರ್ಚಿಗೂ ಮನೆ ಅಡವಿಟ್ಟು ಇನ್ನೊಂದು 6 ಲಕ್ಷ. ಜಮೀನಿನವರಿಗೆ ಆಗಲೇ 50,000 ರೂಪಾಯಿ ಮುಂಗಡ ಹೋಗಿತ್ತು. ಯೋಜನೆ ಯಾರಿಗೆ ತೋರಿಸಿದರೂ "ಸೂಪರ್ ಐಡಿಯಾ" ಅಂದಿದ್ದರಂತೆ.

ಕಡತ ಮುಚ್ಚಿಟ್ಟು ನಾನು ಕೇಳಿದೆ: "ಅಪ್ಪನ ಹೋಟೆಲ್ ಮೊದಲಿನ ಹಾಗೇ ನಡೀತಿದ್ದಿದ್ದರೆ ನೀವು ಈ ಯೋಚನೆ ಮಾಡ್ತಿದ್ರಾ?" ಬಹಳ ಹೊತ್ತು ಸುಮ್ಮನಿದ್ದು, ಅತ್ತರು. ಅಪ್ಪ ರಾತ್ರಿ ನಿದ್ದೆ ಮಾಡುವುದಿಲ್ಲ, ಮೊದಲಿನಂತೆ ಗಿರಾಕಿಗಳ ಹತ್ತಿರ ಮಾತಾಡುವುದಿಲ್ಲ, "ನಾನಿದ್ದೇನು ಪ್ರಯೋಜನ" ಅನ್ನುತ್ತಾರೆ ಎಂದರು.

ಇದು ಎರಡು ಪ್ರಶ್ನೆ. ತಂದೆಯ ಮನಸ್ಸಿನ ಆರೋಗ್ಯ ಒಂದು, ಮಗಳ ಉದ್ಯಮ ಇನ್ನೊಂದು. ಎರಡನ್ನೂ ಒಂದೇ ಸಾಲದಲ್ಲಿ ತೀರಿಸಲು ಹೊರಟರೆ ಎರಡೂ ಕೆಡುತ್ತವೆ. ಮೊದಲನೆಯದಕ್ಕೆ ಹೋಟೆಲ್ ಔಷಧವಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ತಂದೆಯನ್ನು ಆ ವಾರವೇ ಕರೆದೊಯ್ಯಲು ಹೇಳಿದೆ. ರಾತ್ರಿ ಹೊತ್ತಿನಲ್ಲಿ ಅಂಥ ಮಾತು ಬಂದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಾಪಾರ ಬಿದ್ದ ಮನೆಗಳಲ್ಲಿ ಈ ಮಾತನ್ನು ಎಲ್ಲರೂ ಕೇಳಿಸಿಕೊಂಡಿರುತ್ತಾರೆ, ಕಾಯಿಲೆ ಅಂತ ಯಾರೂ ತಿಳಿಯುವುದಿಲ್ಲ. ಓದುವವರಲ್ಲಿ ಯಾರ ಮನೆಯಲ್ಲಾದರೂ ಹೀಗಿದ್ದರೆ ತಡಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ಉದ್ಯಮ. ಶ್ವೇತಾ ಲೆಕ್ಕ ಬಲ್ಲವರು, ಹಾಗಾಗಿ ಲೆಕ್ಕದಿಂದಲೇ ಶುರುಮಾಡಿದೆವು. ಬಾಡಿಗೆ 40,000, ಆರು ಜನರ ಸಂಬಳ 84,000, ಎರಡೂ ಸಾಲದ ಕಂತು ಸೇರಿ ಸುಮಾರು 40,000, ಕರೆಂಟು, ನೀರು, ಚಿಲ್ಲರೆ ಖರ್ಚು 16,000. ಗಿರಾಕಿ ಬರಲಿ ಬಿಡಲಿ ತಿಂಗಳಿಗೆ 1,80,000 ಹೋಗುತ್ತದೆ. ಬಂದ ದುಡ್ಡಿನಲ್ಲಿ ಅರ್ಧ ಸಾಮಾನು, ಗ್ಯಾಸು, ವ್ಯರ್ಥಕ್ಕೇ ಹೋಗುತ್ತದೆ ಅನ್ನುವುದು ಅವರಪ್ಪನ ಅನುಭವದ ಮಾತು. ಅಂದರೆ ಲಾಭ ಬೇಡ, ನಷ್ಟವಾಗದಿದ್ದರೆ ಸಾಕು ಅಂದರೂ ತಿಂಗಳಿಗೆ 3,60,000, ದಿನಕ್ಕೆ 12,000 ವ್ಯಾಪಾರ ಆಗಬೇಕು. ತಲೆಗೆ 60 ರೂಪಾಯಿ ಹಿಡಿದರೆ ದಿನಕ್ಕೆ 200 ಜನ, ಮಳೆಯಿರಲಿ ಬಿಸಿಲಿರಲಿ, ಸೋಮವಾರವಿರಲಿ ಭಾನುವಾರವಿರಲಿ.

ಆ ಜಾಗದಲ್ಲಿ ಅಷ್ಟು ಜನ ನಿಲ್ಲುತ್ತಾರೆಯೇ? ಶ್ವೇತಾ ನೋಡಿಕೊಂಡು ಬಂದಿದ್ದರು, ಆದರೆ ಭಾನುವಾರ. ಭಾನುವಾರ ಬೆಂಗಳೂರೇ ಮೈಸೂರು, ಕೊಡಗಿನ ಕಡೆ ಹೊರಟಿರುತ್ತದೆ. ದಸರಾ ಸಮಯದಲ್ಲಂತೂ ಕೇಳುವುದೇ ಬೇಡ. ಮಂಗಳವಾರ, ಬುಧವಾರ ರಜೆ ಹಾಕಿ ಬೆಳಿಗ್ಗೆ ಆರರಿಂದ ಕೂತು ಎಣಿಸಿ ಎಂದೆ. ಹಾದುಹೋಗುವ ಗಾಡಿಯನ್ನಲ್ಲ, ಅಲ್ಲಿ ಈಗಿರುವ ಹೋಟೆಲಿಗೆ ಒಳಗೆ ಹೋಗಿ ದುಡ್ಡು ಕೊಟ್ಟು ಬಂದವರನ್ನು. ಭಾನುವಾರ 240 ಇದ್ದದ್ದು ಮಂಗಳವಾರ 70, ಬುಧವಾರ ಇನ್ನೂ ಕಡಿಮೆ. ಅದನ್ನು ಹೇಳುವಾಗ ಶ್ವೇತಾ ದನಿ ತಗ್ಗಿತ್ತು.

ಇದಕ್ಕೆ ಕಾರಣವೂ ಇದೆ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಹೋಗುವವನು ಬೇಲಿ ದಾಟಿ ಸರ್ವೀಸ್ ರಸ್ತೆಗೆ ಬರಲಾರ. ಎಲ್ಲೋ ಹೊರಗೆ ಇಳಿದು, ಮತ್ತೆಲ್ಲೋ ಒಳಗೆ ಸೇರಬೇಕು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಹಾಗಾಗಿ ಸರ್ವೀಸ್ ರಸ್ತೆಯಲ್ಲಿ ಓಡಾಡುವವರು ಹೆಚ್ಚಾಗಿ ಬೈಕಿನವರು, ಸುತ್ತಲ ಹಳ್ಳಿಯವರು, ಕಬ್ಬಿನ ಗಾಡಿಯವರು. ಅವರೂ ಒಳ್ಳೆಯ ಗಿರಾಕಿಗಳೇ. ಆದರೆ ಕಡತದಲ್ಲಿದ್ದ ಕಾರಿನ ಕುಟುಂಬ, ಫಿಲ್ಟರ್ ಕಾಫಿ, ಮಕ್ಕಳ ಆಟದ ಜಾಗ, ಇವು ಅವರಿಗಾಗಿ ಹಾಕಿದ ಲೆಕ್ಕಗಳಲ್ಲ.

ಕಾಗದಪತ್ರದಲ್ಲೂ ತೊಡಕಿತ್ತು. ಜಮೀನು ಇನ್ನೂ ಕೃಷಿ ಭೂಮಿ, ಭೂಪರಿವರ್ತನೆ ಆಗಿರಲಿಲ್ಲ. ರಾಷ್ಟ್ರೀಯ ಹೆದ್ದಾರಿಗೆ ಸೇರಿದ ರಸ್ತೆಗೆ ಹೋಟೆಲಿನ ದಾರಿ ತೆರೆಯಲು ಪ್ರಾಧಿಕಾರದ ಅನುಮತಿಯೂ ಬೇಕು. ಸಬ್ಸಿಡಿಯ ಬಗ್ಗೆಯೂ ಅನೇಕರಿಗಿರುವ ತಪ್ಪು ತಿಳಿವಳಿಕೆ ಇವರಿಗೂ ಇತ್ತು. ಗ್ರಾಮೀಣ ಪ್ರದೇಶದ ಮಹಿಳೆಗೆ ಪಿಎಂಇಜಿಪಿಯಲ್ಲಿ ಶೇ 35 ಇದೆ, ನಿಜ. 20 ಲಕ್ಷಕ್ಕೆ ಅದು 7 ಲಕ್ಷ. ಆದರೆ ಅದು ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂತಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಎರಡನೇ ವರ್ಷ ಬಾಗಿಲು ಹಾಕಿದವರಿಗೆ ಅದು ಇಲ್ಲ. ಸಬ್ಸಿಡಿ ನೋಡಿಕೊಂಡು ಉದ್ಯಮ ಆರಿಸಿಕೊಂಡವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ಗಿರಾಕಿಯನ್ನು ನೋಡಿ ಉದ್ಯಮ ಆರಿಸಿಕೊಳ್ಳಿ, ಸಬ್ಸಿಡಿ ಆಮೇಲೆ ಹುಡುಕೋಣ ಎಂದು ಅವರಿಗೆಲ್ಲ ಹೇಳುವುದನ್ನೇ ಇವರಿಗೂ ಹೇಳಿದೆ.

ಮುಂದಿನ ಭೇಟಿಗೆ ತಂದೆಯೂ ಬಂದರು. ವೈದ್ಯರನ್ನು ಕಂಡಿದ್ದರು, ಸ್ವಲ್ಪ ನಿದ್ದೆ ಹತ್ತಿತ್ತು. ರಸ್ತೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. "ಜನ ಬೇಗ ಊರು ಸೇರ್ಕಂತಾರೆ, ಒಳ್ಳೇದೇ ಅಲ್ವಾ ಮೇಡಮ್ಮೋರೆ. ರಸ್ತೆ ಮಾಡ್ಬೇಡಿ ಅನ್ನಕಾಯ್ತದಾ?" ಎಂದರು. ಹೋಟೆಲಿನ ಒಂದು ದಿನ ಹೇಗೆ ಕಳೆಯುತ್ತದೆ, ಬಾಗಿಲು ತೆಗೆಯುವುದರಿಂದ ಹಾಕುವವರೆಗೂ ಹೇಳಿ ಎಂದೆ. ಹೇಳುತ್ತಾ ಹೋದರು. ಸಂಜೆಯ ಹೊತ್ತಿಗೆ ಬಂದಾಗ ಒಂದು ಮಾತು ಬಿತ್ತು: "ದೋಸೆ ಹಿಟ್ಟು ಕೇಳ್ಕಂಡು ನಾಕಾರು ಜನ ಬತ್ತಾರೆ. ಉಳ್ದಿದ್ರೆ ಕೊಟ್ ಕಳಿಸ್ತೀನಿ."

ಯಾರು ಬರುತ್ತಾರೆ? ಬಸ್ ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ದೋಸೆ ಹಾಕುವ ಇಬ್ಬರು, ಕಾಲೇಜು ಹುಡುಗಿಯರ ಪಿಜಿ ನಡೆಸುವ ಒಬ್ಬರು, ಅಕ್ಕಪಕ್ಕದ ಮನೆಯವರು. ಎಷ್ಟು ತೆಗೆದುಕೊಳ್ಳುತ್ತೀರಿ? "ಏನೋ ಕೊಡ್ತಾರೆ, ಇಸ್ಕತೀನಿ." ಮಗಳು ತಿರುಗಿ ಅಪ್ಪನ ಮುಖ ನೋಡಿದರು. "ಇದ್ನ ನನಗೆ ಯಾವತ್ತೂ ಹೇಳೇ ಇಲ್ವಲ್ಲಪ್ಪ?" "ನೀನ್ ಕೇಳ್ನಿಲ್ವಲ್ಲ ಮಗ."

ಮಾರುಕಟ್ಟೆ ಅವಕಾಶ ಹುಡುಕುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಹೋದ ಗಿರಾಕಿಯನ್ನು ಮರಳಿ ತರುವುದಕ್ಕೆ ಮನೆ ಅಡವಿಡುವ ಮೊದಲು, ಕರೆಯದೆ ಬಾಗಿಲಿಗೆ ಬರುತ್ತಿರುವವನು ಯಾರು ಎಂದು ನೋಡಬೇಕು. ಜಾಹೀರಾತಿಲ್ಲ, ಬೋರ್ಡಿಲ್ಲ, ಆದರೂ ಒಬ್ಬ ನಡೆದು ಬಂದು ಕೇಳುತ್ತಾನೆ ಅಂದರೆ ಅವನಿಗೆ ನಿಜವಾದ ತೊಂದರೆಯಿದೆ, ಅದಕ್ಕೆ ದುಡ್ಡು ಕೊಡಲೂ ತಯಾರಿದ್ದಾನೆ. "ಸೂಪರ್ ಐಡಿಯಾ" ಅಂದವರಲ್ಲಿ ಒಬ್ಬರೂ ದುಡ್ಡು ಬಿಚ್ಚಿರಲಿಲ್ಲ.

ಒಂದು ನೋಟ್‌ಬುಕ್ ಇಟ್ಟು ತಿಂಗಳು ಬರೆಯಲು ಹೇಳಿದೆ. ಯಾರು ಬಂದರು, ಎಷ್ಟು ಕೆಜಿ ಕೇಳಿದರು, ಸಿಗದ ದಿನ ಏನು ಮಾಡಿದರು. "ನಮ್ಮ ಹಿಟ್ಟು ಇಷ್ಟವಾಯ್ತಾ? ದಿನಾ ಕೊಟ್ಟರೆ ತಗೋತೀರಾ?" ಎಂದು ಮಾತ್ರ ಕೇಳಬೇಡಿ, ಮುಖ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ. ಹೋದ ವಾರ ಎಲ್ಲಿ ತಂದಿರಿ, ಎಷ್ಟು ಕೊಟ್ಟಿರಿ, ಯಾವ ದಿನ ಕೈಕೊಟ್ಟಿತು ಎಂದು ಕೇಳಿ. ಆಗಿಹೋದದ್ದರ ಬಗ್ಗೆ ಜನ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ.

ಉತ್ತರಗಳು ಬಂದವು. ತಳ್ಳುಗಾಡಿಯವರಿಗೆ ಮನೆಯಲ್ಲಿ ದೊಡ್ಡ ಗ್ರೈಂಡರ್ ಇಡಲು ಜಾಗವಿಲ್ಲ, ಬೆಳಿಗ್ಗೆ ಐದಕ್ಕೆ ಹಿಟ್ಟು ಬೇಕು. ಪಿಜಿಯವರಿಗೆ ಅಡುಗೆಯವರು ರಜೆ ಹಾಕಿದ ದಿನ ದಿಕ್ಕು ತೋಚುವುದಿಲ್ಲ. ಅಂಗಡಿಯ ಫ್ರಿಜ್ಜಿನಲ್ಲಿ ಕಂಪನಿ ಪ್ಯಾಕೆಟ್ ಸಿಗುತ್ತದೆ, ಮನೆಯವರಿಗೆ ಅದೇ ಸಾಕು. ಆದರೆ ಹತ್ತು ಕೆಜಿ ಬೇಕಾದವರಿಗೆ ಆ ದರ ಗಿಟ್ಟುವುದಿಲ್ಲ. ಬೇಸಿಗೆಯಲ್ಲಿ ಮಂಡ್ಯದ ಬಿಸಿಲಿಗೆ ಹಿಟ್ಟು ಹುಳಿಯೇರುವ ದೂರು ಎಲ್ಲರದ್ದೂ. ಎಷ್ಟು ಹೊತ್ತಿಗೆ ರುಬ್ಬಿದರೆ ಐದು ಗಂಟೆಗೆ ಹದವಾಗಿರುತ್ತದೆ ಎಂಬುದನ್ನು ಇಪ್ಪತ್ತು ವರ್ಷ ಬೇಸಿಗೆ, ಚಳಿ ಎರಡರಲ್ಲೂ ಕೈಯಲ್ಲಿ ಮುಟ್ಟಿ ಕಲಿತವರು ತಂದೆ. ನನ್ನ ಎದುರಿಗೆ ಅದನ್ನು ವಿವರಿಸುವಾಗ ಅವರ ದನಿಯೇ ಬೇರೆಯಾಗಿತ್ತು. ಈ ಕಸುಬಿನಲ್ಲಿ ಬೇರೆಯವರು ಸುಲಭವಾಗಿ ನಕಲು ಮಾಡಲಾರದ್ದು ಅದೊಂದೇ. ಯಂತ್ರ ಯಾರು ಬೇಕಾದರೂ ಕೊಳ್ಳಬಹುದು.

ಖರ್ಚು ಹಾಕಿದೆವು. ಒಂದು ಕೆಜಿ ಅಕ್ಕಿ, ಕಾಲು ಕೆಜಿ ಉದ್ದು ರುಬ್ಬಿದರೆ ಎರಡೂವರೆ ಕೆಜಿಗೆ ಕಡಿಮೆಯಿಲ್ಲದಂತೆ ಹಿಟ್ಟಾಗುತ್ತದೆ. ಅವರು ಕೊಳ್ಳುವ ದರದಲ್ಲಿ ಕೆಜಿ ಹಿಟ್ಟಿಗೆ ಸಾಮಾನಿನ ಖರ್ಚು 30 ರೂಪಾಯಿ, ಮಾರುವ ದರ 50. ಶ್ವೇತಾ 20 ರೂಪಾಯಿ ಲಾಭ ಎಂದು ಬರೆದರು. ಅಪ್ಪ ಅಮ್ಮನ ಕೂಲಿ ಎಲ್ಲಿ ಎಂದೆ. ನಮ್ಮ ಮನೆ ಉದ್ಯಮಗಳಲ್ಲಿ ಮನೆಯವರ ದುಡಿಮೆಗೆ, ಅದರಲ್ಲೂ ಹೆಂಗಸರ ದುಡಿಮೆಗೆ, ಸೊನ್ನೆ ಬರೆಯುವುದು ರೂಢಿ. ಹಾಗೆ ಬರೆದರೆ ಯಾವ ವ್ಯಾಪಾರವಾದರೂ ಲಾಭದ್ದಾಗಿಯೇ ಕಾಣುತ್ತದೆ. ಕೂಲಿ, ಕರೆಂಟು, ಸ್ಕೂಟರಿನ ಪೆಟ್ರೋಲು ಸೇರಿಸಿದಾಗ ಉಳಿದದ್ದು ಕೆಜಿಗೆ 9 ರೂಪಾಯಿ. ದಿನಕ್ಕೆ 40 ಕೆಜಿ ಹೋದರೆ ತಿಂಗಳಿಗೆ 10,800.

ಹಾಗಾಗಿ ನಾನು ಕೊಟ್ಟ ಸಲಹೆ ನೇರವಾಗಿತ್ತು: ಕೆಲಸ ಬಿಡಬೇಡಿ. ಈ ವ್ಯಾಪಾರ ಸದ್ಯಕ್ಕೆ ಅಪ್ಪ ಅಮ್ಮನಿಗೆ ಕೂಲಿ ಕೊಟ್ಟು ಒಂದಿಷ್ಟು ಉಳಿಸಬಲ್ಲದು, ನಿಮ್ಮ ಸಂಬಳದ ಜಾಗ ತುಂಬಲಾರದು. ಮಧ್ಯಾಹ್ನ ಸುಮ್ಮನೆ ನಿಂತಿರುವ ಗ್ರೈಂಡರುಗಳಲ್ಲೇ ಶುರುಮಾಡಿ, ಹೊಸದೇನೂ ಕೊಳ್ಳಬೇಡಿ. ಉದ್ರಿ ಒಂದು ವಾರಕ್ಕಿಂತ ಹೆಚ್ಚು ಬೆಳೆಯಬಾರದು. ಒಬ್ಬನೇ ಗಿರಾಕಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಳ್ಳುತ್ತಿದ್ದರೆ ಅವನು ಬಿಟ್ಟ ದಿನ ಮನೆ ಅಲ್ಲಾಡುತ್ತದೆ, ಇನ್ನಿಬ್ಬರನ್ನು ಹುಡುಕಿ. ಹೋಟೆಲಿಗೆ ಇರುವ ಆಹಾರ ಸುರಕ್ಷತೆಯ, ಅಂದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಹಿಟ್ಟು ತಯಾರಿಸಿ ಮಾರುವುದಕ್ಕೂ ಅನ್ವಯವಾಗುವಂತೆ ಮಾಡಿಸಿಕೊಳ್ಳಿ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಅದಕ್ಕೆ ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಹಿಟ್ಟಿನ ಶುಚಿ, ಬಾಳಿಕೆ ಬಗ್ಗೆ ತಿಳಿಯಲು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ. 1950ರಲ್ಲಿ ಶುರುವಾದ ಆ ಸಂಸ್ಥೆ ಅಲ್ಪಾವಧಿ ತರಬೇತಿಗಳನ್ನೂ ನಡೆಸುತ್ತದೆ. ನಮ್ಮ ಕಡೆಯವರು ಅದನ್ನು ಬಳಸಿಕೊಳ್ಳುವುದು ಕಡಿಮೆ ಎಂಬುದು ನನ್ನ ಕೊರಗು.

ಆರು ತಿಂಗಳಾಗಿದೆ. ದಿನಕ್ಕೆ ಸರಾಸರಿ 55 ಕೆಜಿ ಹೋಗುತ್ತಿದೆ, ಬೇಸಿಗೆ ರಜೆಯಲ್ಲಿ ಪಿಜಿ ಖಾಲಿಯಾದಾಗ 35ಕ್ಕೆ ಇಳಿದಿತ್ತು. ಲೆಕ್ಕವನ್ನು ಶ್ವೇತಾ ಬೆಂಗಳೂರಿನಿಂದಲೇ ಬರೆಯುತ್ತಾರೆ, ಶನಿವಾರ ಬಂದು ಬಾಕಿ ವಸೂಲಿ ಮಾಡುತ್ತಾರೆ. ತಂದೆ ಮಾತ್ರೆ ಮುಂದುವರಿಸಿದ್ದಾರೆ, ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ಹೇಳಿದ್ದೇನೆ. ದೊಡ್ಡ ಗ್ರೈಂಡರ್ ಮತ್ತು ತಂಪು ಪೆಟ್ಟಿಗೆಗೆ, ಕಿರು ಆಹಾರ ಉದ್ಯಮಗಳಿಗೆ ಸಹಾಯಧನದ ಸಾಲ ಕೊಡಿಸುವ ಯೋಜನೆಯಾದ ಪಿಎಂಎಫ್‌ಎಂಇ ಅಡಿಯಲ್ಲಿ ಅರ್ಜಿ ತಯಾರಾಗುತ್ತಿದೆ. ಅದರಲ್ಲಿ ಯೋಜನೆಯ ಶೇ 35ಕ್ಕೆ ರಾಜ್ಯ ಶೇ 15 ಸೇರಿಸುತ್ತದೆ, ಆ ಸಹಾಯಧನವೂ ಮೂರು ವರ್ಷ ಕಾದ ಮೇಲೆಯೇ ಸಾಲಕ್ಕೆ ಜಮೆ. ಕೆಲಸ ಬಿಡುವ ಬಗ್ಗೆ ಅವರೇ ಒಂದು ಗೆರೆ ಎಳೆದುಕೊಂಡಿದ್ದಾರೆ: ಎಲ್ಲರ ಕೂಲಿ ಕಳೆದು ಉಳಿಯುವ ಲಾಭ ಸತತ ಆರು ತಿಂಗಳು ಸಂಬಳದ ಅರ್ಧಕ್ಕೆ ಮುಟ್ಟಬೇಕು, ಬ್ಯಾಂಕಿನಲ್ಲಿ ಆರು ತಿಂಗಳ ಮನೆಖರ್ಚು ಇರಬೇಕು. ಇನ್ನೂ ಮುಟ್ಟಿಲ್ಲ. ಜಮೀನಿನವರು ಮುಂಗಡದಲ್ಲಿ 25,000 ಹಿಂದಿರುಗಿಸಿದ್ದಾರೆ, ಉಳಿದದ್ದನ್ನು ಸುಗ್ಗಿ ಕಳೆದ ಮೇಲೆ ಕೊಡುತ್ತೇನೆ ಎಂದಿದ್ದಾರೆ.