ಕ್ಯಾಬಿನೆಟ್ ಕೆಳಗೆ ತೂಗುವ ರೇಡಿಯೊ: ತೂತು ಕೊರೆಯುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಮ್ಮ ಅಡುಗೆಮನೆ ಕಟ್ಟೆ ಚಿಕ್ಕದು. ಅಲ್ಲಿಟ್ಟ ರೇಡಿಯೊ ಮೇಲೆ ದಿನಾ ನೀರು ಸಿಡಿಯುತ್ತದೆ. ಮೇಲಿನ ಕ್ಯಾಬಿನೆಟ್‌ನ ತಳಕ್ಕೆ ಬೋಲ್ಟ್ ಹಾಕಿ ಬಿಗಿಯುವ, ಸಿ.ಡಿ. ಕೂಡ ಹಾಡಿಸುವ ಸೆಟ್ ತರೋಣ ಅಂತಿದ್ದೇನೆ. ಹಳೆಯ ಸಿ.ಡಿ.ಗಳು ತುಂಬಾ ಇವೆ, ಕೆಲವು ಕಂಪ್ಯೂಟರ್‌ನಲ್ಲಿ ಬರ್ನ್ ಮಾಡಿದವು. ಏನೇನು ನೋಡಬೇಕು? ಸೆಕೆಂಡ್ ಹ್ಯಾಂಡ್ ಸೆಟ್ ಆದರೆ ಪರವಾಗಿಲ್ವಾ?

ಉತ್ತರ: ಸೆಟ್ ಆಮೇಲೆ, ಮೊದಲು ಕ್ಯಾಬಿನೆಟ್ ನೋಡಿ. ಕಟ್ಟೆ ಮುಂದೆ ಬಗ್ಗಿ ಕ್ಯಾಬಿನೆಟ್‌ನ ತಳವನ್ನು ಕೆಳಗಿಂದ ನೋಡಿ. ಮುಂಭಾಗದಲ್ಲಿ ಮರದ ಪಟ್ಟಿಯೊಂದು ಕೆಳಕ್ಕೆ ಇಳಿದಿದೆಯಾ? ಇದ್ದರೆ ಸೆಟ್‌ನ ಮುಖ ಅದರ ಹಿಂದೆ ಅಡಗಿಬಿಡುತ್ತದೆ. ನಾನೇ ಒಮ್ಮೆ ಉದ್ದ, ಅಗಲ, ಎತ್ತರ ಎಲ್ಲ ಅಳೆದು, ನಾಲ್ಕು ತೂತು ಕೊರೆದು, ಸೆಟ್ ಬಿಗಿದು, ಖುಷಿಯಿಂದ ಬಟನ್ ಒತ್ತಿದೆ. ಟ್ರೇ ಅರ್ಧ ಬೆರಳಿನಷ್ಟು ಹೊರಗೆ ಬಂತು, ಪಟ್ಟಿಗೆ ಟಕ್ ಅಂತ ಬಡಿಯಿತು, ಮತ್ತೆ ಒಳಗೆ ಹೋಯಿತು. ಇಂಥ ಸೆಟ್‌ಗಳ ಜತೆ ಸಾಮಾನ್ಯವಾಗಿ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆಗಳು ಬರುತ್ತವೆ. ಅವನ್ನು ಬೋಲ್ಟ್‌ಗೆ ತೊಡಿಸಿದರೆ ಸೆಟ್ ಅಷ್ಟು ಕೆಳಗೆ ಕೂರುತ್ತದೆ. ನಾನು ಅವನ್ನು ಡಬ್ಬದಲ್ಲೇ ಬಿಟ್ಟಿದ್ದೆ.

ಸಿ.ಡಿ.ಯ ಅಗಲ 12 ಸೆಂಟಿಮೀಟರ್. ಟ್ರೇ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಮುಂದೆ ಚಾಚುತ್ತದೆ, ನಿಮ್ಮ ಹಣೆಯ ಮಟ್ಟಕ್ಕೆ ಬರುತ್ತದಾ ನೋಡಿಕೊಳ್ಳಿ. ಸೆಟ್ ಕೂತ ಮೇಲೆ ಅದರ ಕೆಳಗೆ ಮಿಕ್ಸಿ ಹಿಡಿಸಬೇಕು, ಅದನ್ನೂ ಅಳೆಯಿರಿ. ಒಲೆಯ ಮೇಲೆ, ಒಲೆಯ ಪಕ್ಕ ಬೇಡವೇ ಬೇಡ. ಬಿಸಿ ಒಂದು ಕಡೆ ಇರಲಿ, ಎಣ್ಣೆ ಜಿಡ್ಡಿನ ಹಬೆ ಸಿ.ಡಿ. ಓದುವ ಪುಟ್ಟ ಲೆನ್ಸ್ ಮೇಲೆ ಕೂರುತ್ತದೆ. ಆಮೇಲೆ ಹಾಡು ಎಗರುವುದು ಶುರು.

ಟ್ರೇ ಬೇಕಾ, ಸೀಳಿನಲ್ಲಿ ತೂರಿಸುವ ಸ್ಲಾಟ್ ಬೇಕಾ? ನನ್ನ ಓಟು ಟ್ರೇಗೆ. ಸ್ಲಾಟ್‌ನಲ್ಲಿ ಡಿಸ್ಕ್ ಸಿಕ್ಕಿಕೊಂಡರೆ ಇಡೀ ಸೆಟ್ ಬಿಚ್ಚಿ ಕೆಳಗಿಳಿಸಬೇಕು.

ಈಗ ರೇಡಿಯೊ ವಿಷಯ. ಇದನ್ನು ಪರೀಕ್ಷಿಸದೆ ಯಾರೂ ತೂತು ಕೊರೆಯಬಾರದು. ಬ್ಯಾಟರಿಯ ಚಿಕ್ಕ ರೇಡಿಯೊ ಒಂದನ್ನು ಅದೇ ಜಾಗದಲ್ಲಿ, ಕ್ಯಾಬಿನೆಟ್ ತಳಕ್ಕೆ ತಾಗಿಸಿ ಹಿಡಿಯಿರಿ. ನೀವು ಕೇಳುವ ಸ್ಟೇಷನ್ ಚೆನ್ನಾಗಿ ಬರುತ್ತದಾ? ಕ್ಯಾಬಿನೆಟ್ ಕೆಳಗಿನ ಎಲ್.ಇ.ಡಿ. ದೀಪ ಹಾಕಿ ನೋಡಿ, ಆರಿಸಿ ನೋಡಿ. ದೀಪ ಹಾಕಿದ ಕೂಡಲೇ ಕರಕರ ಸದ್ದು ಬಂದರೆ ತಪ್ಪು ರೇಡಿಯೊದ್ದಲ್ಲ, ದೀಪಕ್ಕೆ ಕರೆಂಟ್ ಕೊಡುವ ಡ್ರೈವರ್‌ನದ್ದು.

ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್ ಆಸುಪಾಸಿನ ತಂತಿ ಆಂಟೆನಾಗೆ ಸರಿಹೊಂದುತ್ತದೆ. ಸೆಟ್ ಹಿಂದಿನ ತಂತಿಯನ್ನು ಅಂದಕ್ಕೆಂದು ಸುರುಳಿ ಸುತ್ತಿ ಇಡಬೇಡಿ. ಕ್ಯಾಬಿನೆಟ್‌ನ ಹಿಂಬದಿ ಅಂಚಿನುದ್ದಕ್ಕೂ ಟೇಪ್ ಹಚ್ಚಿ ಬಿಡಿಸಿ ಹಾಕಿ. ಎ.ಎಂ. ಕಥೆಯೇ ಬೇರೆ. ಅದರ ಆಂಟೆನಾ ಸಾಮಾನ್ಯವಾಗಿ ಸೆಟ್ ಒಳಗಿನ ಫೆರೈಟ್ ಕಡ್ಡಿ. ಸ್ಟೇಷನ್ ಹಿಡಿಯಲು ಸೆಟ್ಟನ್ನೇ ತಿರುಗಿಸಬೇಕು, ಬೋಲ್ಟ್ ಹಾಕಿದ ಸೆಟ್ ತಿರುಗುತ್ತದಾ? ಎ.ಎಂ. ಜಾಸ್ತಿ ಕೇಳುವವರಾದರೆ ಹೊರಗಿನ ಆಂಟೆನಾ ಜೋಡಿಸಲು ಜಾಗ ಇರುವ ಸೆಟ್ಟನ್ನೇ ಹುಡುಕಿ.

ಸೆಟ್ ಯಾವ ದೇಶಕ್ಕೆ ಮಾಡಿದ್ದು ಅನ್ನುವುದನ್ನೂ ನೋಡಿ. ಅಮೆರಿಕಕ್ಕೆಂದು ಮಾಡಿದ್ದು 120 ವೋಲ್ಟ್, 60 ಹರ್ಟ್ಸ್ ಕರೆಂಟಿಗೆ. ನಿಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್ ಇದ್ದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಕರೆಂಟಿನ ಹರ್ಟ್ಸ್ ಎಣಿಸಿ ಓಡುವ ಗಡಿಯಾರ ಅದರಲ್ಲಿದ್ದರೆ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಟ್ಯೂನಿಂಗ್ ಹೆಜ್ಜೆ, ಅಂದರೆ ಸ್ಟೇಷನ್ ಹುಡುಕುವಾಗ ರೇಡಿಯೊ ಒಮ್ಮೆಗೆ ಎಷ್ಟು ಜಿಗಿಯುತ್ತದೆ ಅನ್ನುವುದೂ ಬೇರೆ. ಅಲ್ಲಿ ಎ.ಎಂ. ಸ್ಟೇಷನ್‌ಗಳ ನಡುವಿನ ಅಂತರ 10 ಕಿಲೋಹರ್ಟ್ಸ್, ಬೇರೆ ಬಹಳಷ್ಟು ದೇಶಗಳಲ್ಲಿ 9. ಹೆಜ್ಜೆ ಬದಲಿಸುವ ಸೌಲಭ್ಯ ಇಲ್ಲದಿದ್ದರೆ ಹಲವು ಸ್ಟೇಷನ್‌ಗಳು ಸರಿಯಾಗಿ ಕೂರುವುದಿಲ್ಲ.

ಸೌಂಡ್ ಬಗ್ಗೆ ಜಾಸ್ತಿ ಆಸೆ ಬೇಡ. ಅಂಗೈಯಲ್ಲಿ ಹಿಡಿಸುವ ಸ್ಪೀಕರ್‌ಗಳು, ಹಾಡು ಕೇಳಲು ಸಾಕು. ವಾಲ್ಯೂಮ್ ಏರಿಸಿದಾಗ ಮೇಲಿನ ತಟ್ಟೆಗಳು ಜಣಜಣ ಅಂದರೆ ಬೋಲ್ಟ್‌ಗೆ ರಬ್ಬರ್ ವಾಷರ್ ಹಾಕಿ ನೋಡಿ.

ಇನ್ನು ನಿಮ್ಮ ಸಿ.ಡಿ.ಗಳು. ಬರ್ನ್ ಮಾಡಿದವುಗಳಲ್ಲಿ ಅಳಿಸಿ ಮತ್ತೆ ಬರೆಯುವಂಥವು, ಅಂದರೆ ಆರ್.ಡಬ್ಲ್ಯು. ಡಿಸ್ಕ್‌ಗಳು ಬೆಳಕನ್ನು ತುಂಬಾ ಕಮ್ಮಿ ಹಿಂತಿರುಗಿಸುತ್ತವೆ. ಹಳೆಯ ಪ್ಲೇಯರ್ ಅವನ್ನು ಓದದೇ ಇರಬಹುದು. ಎಂ.ಪಿ.3 ತುಂಬಿದ ಡಿಸ್ಕ್ ಇದ್ದರೆ ಸೆಟ್ ಎಂ.ಪಿ.3 ಓದುತ್ತದೆ ಅಂತ ಬರೆದಿರಲೇಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಹೋಗುವಾಗ ಎರಡು ಡಿಸ್ಕ್ ಒಯ್ಯಿರಿ, ಅಂಗಡಿಯಲ್ಲಿ ಕೊಂಡದ್ದೊಂದು, ನೀವು ಬರ್ನ್ ಮಾಡಿದ್ದೊಂದು. ಮೊದಲ ಹಾಡು ಕೇಳಿ ಸುಮ್ನೆ ತಲೆ ಆಡಿಸಬೇಡಿ. ಪ್ಲೇಯರ್ ಸಿ.ಡಿ.ಯನ್ನು ಒಳಗಿನಿಂದ ಹೊರಕ್ಕೆ ಓದುತ್ತದೆ, ಕೊನೆಯ ಹಾಡು ಹೊರ ಅಂಚಿನ ಕಡೆ ಇರುತ್ತದೆ. ಹಾಡು ತುಂಬಿದ, ಒಂದು ಗಂಟೆಗಿಂತ ಉದ್ದದ ಡಿಸ್ಕ್‌ನ ಕೊನೆಯ ಹಾಡು ಹಾಕಿ, ಪೂರ್ತಿ ಕೇಳಿ. ಅಲ್ಲಿ ತೊದಲಿದರೆ ಬಿಟ್ಟು ಬನ್ನಿ. ಟ್ರೇಯನ್ನು ಹತ್ತು ಸಲ ತೆಗೆದು ಹಾಕಿ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ನಾಲ್ಕನೆಯದೋ ಐದನೆಯದೋ ಸಲಕ್ಕೆ ತಡವರಿಸುತ್ತದೆ.

ಇಂಥ ಸೆಟ್‌ನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಸಿ.ಡಿ. ಭಾಗವೇ. ರೇಡಿಯೊ ಅದರ ಪಾಡಿಗೆ ವರ್ಷಗಟ್ಟಲೆ ಹಾಡುತ್ತಿರುತ್ತದೆ. ಅದಕ್ಕೇ ಆಕ್ಸ್ ಇನ್‌ಪುಟ್ ಇದೆಯಾ ನೋಡಿ, 3.5 ಮಿಲಿಮೀಟರ್ ತೂತು. ಸಿ.ಡಿ. ಕೆಟ್ಟ ದಿನ ಫೋನನ್ನೋ ಬೇರೆ ಪ್ಲೇಯರನ್ನೋ ಅದಕ್ಕೆ ಸಿಕ್ಕಿಸಬಹುದು. ಆಕ್ಸ್ ಇಲ್ಲದ ಹಳೆ ಸೆಟ್ ಎಷ್ಟೇ ಚೆನ್ನಾಗಿ ಕಂಡರೂ ನಾನಾದರೆ ಕೊಳ್ಳುವುದಿಲ್ಲ.