ಬೆಳಗಾವಿಯಲ್ಲಿ ಇದ್ದುಕೊಂಡೇ ಆನ್‌ಲೈನ್‌ನಲ್ಲಿ ಸಪ್ಲೈ ಚೈನ್ ಪ್ಲಾನಿಂಗ್ ಕಲಿಯಬಹುದಾ? ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾ?

ನೀವು ಬರೆದದ್ದು ಇಷ್ಟು: ಬಿಕಾಂ ಮುಗಿದಿದೆ, ಉದ್ಯಮಬಾಗದ ಒಂದು ಪಂಪ್ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ, ಪ್ಲಾನಿಂಗ್ ಕಡೆ, ಅಂದರೆ ಯಾವ ಮಾಲು ಎಷ್ಟು, ಯಾವಾಗ ಬೇಕು ಅಂತ ಲೆಕ್ಕ ಹಾಕುವ ಕೆಲಸಕ್ಕೆ, ಹೋಗಬೇಕು ಅಂತ ಆಸೆ. ಒಂದು ಸಂಸ್ಥೆಯವರು ದುಬಾರಿ ಆನ್‌ಲೈನ್ ಕೋರ್ಸ್ ಸೇರಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಇಂಗ್ಲಿಷ್ ಅಷ್ಟಕ್ಕಷ್ಟೇ.

ಸದ್ಯಕ್ಕೆ ದುಡ್ಡು ಕಟ್ಟಬೇಡಿ. ಕಲಿಯೋದನ್ನು ಮಾತ್ರ ಇವತ್ತೇ ಶುರು ಮಾಡಿ. ನಾನು ಮಚ್ಛೆ ಕಡೆ ಒಂದು ಕಾರ್ಖಾನೆಯಲ್ಲಿ ಪಿಪಿಸಿ (ಉತ್ಪಾದನೆಯ ಪ್ಲಾನಿಂಗ್ ಮತ್ತು ಕಂಟ್ರೋಲ್) ನೋಡಿಕೊಳ್ಳುತ್ತೇನೆ, ಬಂದದ್ದು ನಿಮ್ಮ ಹಾಗೇ ಸ್ಟೋರ್ಸ್‌ನಿಂದ. ಸ್ಟೋರ್ಸ್‌ನಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಕೋರ್ಸ್‌ನಲ್ಲಿ ಕಲಿಸುವ ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ನಿಮ್ಮ ರಿಜಿಸ್ಟರ್‌ನಲ್ಲೇ ಇವೆ. ಪಾಠ ಕೇಳಿದ ದಿನವೇ ಅದನ್ನು ನಿಮ್ಮ ಒಂದು ಐಟಂ ಮೇಲೆ ಮಾಡಿ ನೋಡದಿದ್ದರೆ ಯಾವ ಸರ್ಟಿಫಿಕೇಟ್ ಇದ್ದರೂ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೆ ತಡವರಿಸುತ್ತೀರಿ.

ಸೇಫ್ಟಿ ಸ್ಟಾಕ್, ಅಂದರೆ ಏರುಪೇರಾದರೂ ಖಾಲಿಯಾಗದಂತೆ ಇಟ್ಟುಕೊಳ್ಳುವ ಹೆಚ್ಚುವರಿ ಮಾಲು, ಅದನ್ನೇ ತಗೊಳ್ಳಿ. ದಿನಕ್ಕೆ ಸರಾಸರಿ 40 ಬೇರಿಂಗ್ ಖರ್ಚಾಗುತ್ತದೆ ಅಂತ ಇಟ್ಟುಕೊಳ್ಳೋಣ. ಒಂದು ದಿನ 25, ಇನ್ನೊಂದು ದಿನ 55. ಈ ಏರಿಳಿತವನ್ನು ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಿ ನೋಡಿದರೆ 12 ಬರುತ್ತದೆ ಅನ್ನಿ. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 9 ದಿನ. ನೂರರಲ್ಲಿ 95 ಸಲವಾದರೂ ಸ್ಟಾಕ್ ಖಾಲಿಯಾಗಬಾರದು ಅಂದರೆ ಪುಸ್ತಕದ ಸೂತ್ರ ಸುಲಭ: 1.65 (ನೂರಕ್ಕೆ 95ಕ್ಕೆ ಪುಸ್ತಕದಲ್ಲಿ ಕೊಡುವ ಅಂಕಿ) ಗುಣಿಸು 12 ಗುಣಿಸು 9ರ ವರ್ಗಮೂಲ. ಸುಮಾರು 60 ಬೇರಿಂಗ್. ಒಂಬತ್ತು ದಿನದ ಖರ್ಚು 360, ಅದಕ್ಕೆ ಈ 60 ಸೇರಿಸಿದರೆ 420. ಸ್ಟಾಕ್ 420ಕ್ಕೆ ಇಳಿದಾಗ ಪಿಒ (ಖರೀದಿ ಆರ್ಡರ್) ಹೋಗಬೇಕು. ಹೆಚ್ಚಿನ ಸಣ್ಣ ಕೋರ್ಸ್‌ಗಳು ಇಲ್ಲಿಗೇ ನಿಲ್ಲಿಸುತ್ತವೆ.

ಆದರೆ 9 ದಿನ ಅನ್ನೋದು ಸಪ್ಲೈಯರ್ ಬಾಯಲ್ಲಿ ಹೇಳೋ ಮಾತು, ಅಲ್ವಾ? ಒಂದು ಸಲ 7 ದಿನಕ್ಕೆ ಬರುತ್ತದೆ, ಇನ್ನೊಂದು ಸಲ ಟ್ರಾನ್ಸ್‌ಪೋರ್ಟ್‌ನವರು ಲೋಡ್ ತುಂಬಲಿಲ್ಲ ಅಂತ ಪುಣೆಯಲ್ಲೇ ಇಟ್ಟುಕೊಂಡು 12 ದಿನ ಮಾಡುತ್ತಾರೆ. ಈ ಹಿಂದುಮುಂದು ಸುಮಾರು 2 ದಿನ ಅಂತ ಹಿಡಿದು ಅದನ್ನೂ ಲೆಕ್ಕಕ್ಕೆ ಸೇರಿಸಿ. 9 ಗುಣಿಸು 12ರ ವರ್ಗ, ಅಂದರೆ 1296. 40ರ ವರ್ಗ ಗುಣಿಸು 2ರ ವರ್ಗ, ಅಂದರೆ 6400. ಎರಡೂ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 88, ಅದನ್ನು 1.65ರಿಂದ ಗುಣಿಸಿದರೆ 145. ಅರವತ್ತಿದ್ದದ್ದು 145 ಆಯಿತು! 6400ರ ಮುಂದೆ 1296 ಎಷ್ಟು ಸಣ್ಣದು ನೋಡಿ. ಬಳಕೆಯ ಏರಿಳಿತಕ್ಕಿಂತ ಸಪ್ಲೈಯರ್‌ನ ಏರಿಳಿತವೇ ನಿಮ್ಮ ಸ್ಟಾಕ್ ತಿನ್ನುತ್ತಿದೆ. ಹಾಗಾಗಿ ರ್‍ಯಾಕ್ ತುಂಬಿಸುವ ಮೊದಲು ಸಪ್ಲೈಯರ್ ಹತ್ತಿರ ವಾರಕ್ಕೊಂದು ಖಾಯಂ ದಿನ ಗೊತ್ತು ಮಾಡಿಸೋದು ಲಾಭ. ಇಂಥ ಒಂದು ಹಾಳೆಯನ್ನು ಮ್ಯಾನೇಜರ್ ಮುಂದೆ ಇಟ್ಟರೆ ಅವರು ನಿಮ್ಮನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಇದಕ್ಕೆ ಬೇಕಾದದ್ದು ಎರಡೇ ತಾರೀಖು: ಪಿಒ ಹೋದ ದಿನ, ಮಾಲು ಗೇಟಿನೊಳಗೆ ಬಂದ ದಿನ. ಎರಡೂ ನಿಮ್ಮ ಹತ್ತಿರವೇ ಇವೆ. ಅಂಕಿ ಹೊರಗೆ ಎಲ್ಲೂ ಹಾಕಬೇಡಿ, ಮೊದಲು ಮ್ಯಾನೇಜರ್‌ಗೆ ಹೇಳಿ ಮಾಡಿ.

ಆಮೇಲೆ ಎಂಆರ್‌ಪಿ. ಇದು ಪ್ಯಾಕೆಟ್ ಮೇಲಿನ ಬೆಲೆ ಅಲ್ಲ, ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್: ಯಾವ ಬಿಡಿಭಾಗ ಎಷ್ಟು, ಯಾವಾಗ ಬೇಕು ಅನ್ನೋ ಲೆಕ್ಕ. 1970ರ ದಶಕದಲ್ಲಿ ಐಬಿಎಂನ ಜೋಸೆಫ್ ಆರ್ಲಿಕಿ ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟರು. ಕಾರ್ಖಾನೆಗಳು ಬಳಸುವ ಇಆರ್‌ಪಿ (ಖರೀದಿ, ಸ್ಟಾಕ್, ಉತ್ಪಾದನೆ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಒಳಗೆ ಇರುವ ಮೂಲ ಲೆಕ್ಕ ಅದೇ. ಸಾಫ್ಟ್‌ವೇರ್ ಮುಟ್ಟುವ ಮೊದಲು ಒಂದು ಸಲ ಕಾಗದದ ಮೇಲೆ ಮಾಡಿ. 30ನೇ ತಾರೀಖಿಗೆ 100 ಪಂಪ್ ಡಿಸ್ಪ್ಯಾಚ್. ಬಾಡಿ ಕಾಸ್ಟಿಂಗ್ ಸ್ಟಾಕ್‌ನಲ್ಲಿ 35, ಅದರಲ್ಲಿ 10 ಬೇರೆ ಆರ್ಡರ್‌ಗೆ ಮೀಸಲು. ಫೌಂಡ್ರಿಯಿಂದ 40 ಬರಬೇಕಿದೆ. 100ರಲ್ಲಿ 25 ಮತ್ತು 40 ಕಳೆದರೆ ಇನ್ನೂ 35 ಬೇಕು. ಕಾಸ್ಟಿಂಗ್‌ಗೆ 15 ದಿನ, ಮಷಿನಿಂಗ್‌ಗೆ 6, ಜೋಡಣೆ ಮತ್ತು ಟೆಸ್ಟಿಂಗ್‌ಗೆ 4. ಒಟ್ಟು 25 ದಿನ. ಅಂದರೆ 5ನೇ ತಾರೀಖಿಗೇ ಆರ್ಡರ್ ಫೌಂಡ್ರಿ ಕೈಗೆ ಸಿಗಬೇಕು. 35 ಹೇಳಿದರೆ ಸಾಕಾ? ಇಲ್ಲ. ಬ್ಲೋಹೋಲ್ (ಎರಕದ ಒಳಗೆ ಗಾಳಿಯಿಂದಾದ ತೂತು) ಎಷ್ಟೋ ಸಲ ಮಷಿನ್ ಮೇಲೆ ಏರಿಸಿ ಒಂದು ಕಟ್ ತೆಗೆದ ಮೇಲೇ ಕಾಣೋದು. ನೂರಕ್ಕೆ 5 ರಿಜೆಕ್ಟ್ ಆಗುತ್ತದೆ ಅಂದರೆ 100 ಒಳ್ಳೆಯ ಬಾಡಿಗೆ 106 ಕಾಸ್ಟಿಂಗ್ ಬೇಕು, ಅದರಲ್ಲಿ 25 ಮತ್ತು 40 ಕಳೆದು 41 ಹೇಳಬೇಕು. ಕೋರ್ಸ್‌ನವರು ಇದಕ್ಕೆ ಸ್ಕ್ರ್ಯಾಪ್ ಫ್ಯಾಕ್ಟರ್ ಅಂತ ಒಂದು ಸಾಲು ಹೇಳಿ ಮುಂದೆ ಹೋಗುತ್ತಾರೆ. ಬೆಳಗಾವಿಯಲ್ಲಿ ಅರ್ಧ ಜಗಳ ನಡೆಯೋದು ಆ ಒಂದು ಸಾಲಿನ ಮೇಲೆಯೇ.

ಫೋರ್‌ಕಾಸ್ಟಿಂಗ್ (ಮುಂದಿನ ಬೇಡಿಕೆಯ ಅಂದಾಜು) ಪಾಠದಲ್ಲಿ ಮೂವಿಂಗ್ ಆವರೇಜ್, ಅಂದರೆ ಹಿಂದಿನ ಕೆಲವು ತಿಂಗಳ ಸರಾಸರಿ, ಮೊದಲು ಬರುತ್ತದೆ. ಅದನ್ನು ಕಲಿತು ಅಲ್ಲಿಗೇ ನಿಲ್ಲಬೇಡಿ. ನಿಮ್ಮ ಗಿರಾಕಿಗಳಲ್ಲಿ ಸಕ್ಕರೆ ಕಾರ್ಖಾನೆಗಳು ಇದ್ದರೆ ಅವರ ಬೇಡಿಕೆ ವರ್ಷವಿಡೀ ಒಂದೇ ಸಮ ಇರಲ್ಲ. ಕಬ್ಬು ನುರಿಸೋದು ಶುರುವಾಗೋದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಮಷಿನ್ ಬಿಚ್ಚಿ ರಿಪೇರಿ ಮಾಡಿಕೊಳ್ಳೋದು ಅದಕ್ಕಿಂತ ಮುಂಚೆ, ಮಳೆಗಾಲದಲ್ಲಿ. ಬೇಸಿಗೆಯ ಮೂರು ತಿಂಗಳ ಸರಾಸರಿ ನೋಡಿ ಆಗಸ್ಟ್‌ಗೆ ಸ್ಪೇರ್ ಪಾರ್ಟ್ ಪ್ಲಾನ್ ಮಾಡಿದರೆ ಕೈ ಖಾಲಿ. ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ. ನಮ್ಮೂರ ಗಣಪತಿ ಹಬ್ಬದ ದಿನಗಳಲ್ಲಿ ಎಷ್ಟು ಜನ ಕೆಲಸಕ್ಕೆ ಬರುತ್ತಾರೆ ಅನ್ನೋದನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಅದು ಯಾವ ವಿಡಿಯೋದಲ್ಲೂ ಬರಲ್ಲ.

ಈಗ ಕೋರ್ಸ್ ವಿಷಯ. ಎನ್‌ಪಿಟಿಇಎಲ್‌ನಿಂದ ಶುರು ಮಾಡಿ. ಐಐಟಿ ಮೇಷ್ಟ್ರುಗಳ ಪಾಠ, ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಸಿಗುತ್ತದೆ. ಜನವರಿ ಮತ್ತು ಜುಲೈನಲ್ಲಿ ಹೊಸ ಬ್ಯಾಚ್, ಹೆಚ್ಚಿನವು 8 ಇಲ್ಲಾ 12 ವಾರ. ಕೇಳೋದು ಪುಕ್ಕಟೆ. ಸರ್ಟಿಫಿಕೇಟ್ ಬೇಕಂದರೆ ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರದ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಹಾಗಾಗಿ ಅಸೈನ್‌ಮೆಂಟ್ ಕಾಪಿ ಹೊಡೆದು ಪಾಸಾಗೋಕೆ ಆಗಲ್ಲ. ಆಪರೇಷನ್ಸ್, ಇನ್ವೆಂಟರಿ, ಸಪ್ಲೈ ಚೈನ್ ಅನಾಲಿಟಿಕ್ಸ್ ಅಂತ ಹುಡುಕಿ.

ಅದು ಅರಗಿದ ಮೇಲೆ ಅಮೆರಿಕದ ಎಂಐಟಿ ಸಂಸ್ಥೆಯ ಸಪ್ಲೈ ಚೈನ್ ಮೈಕ್ರೋಮಾಸ್ಟರ್ಸ್. ಆನ್‌ಲೈನ್‌ನಲ್ಲೇ ಇದೆ, 5 ಕೋರ್ಸ್, ಕೊನೆಗೆ ಎಲ್ಲಾ ಸೇರಿಸಿ ಒಂದು ಪರೀಕ್ಷೆ. ಗಣಿತ ಜಾಸ್ತಿ, ಆದರೆ ಮೇಲೆ ಬರೆದ 6400ರ ಲೆಕ್ಕದಂಥದ್ದೆಲ್ಲ ಅಲ್ಲಿ ಬುಡದಿಂದ ಬರುತ್ತದೆ. ದುಡ್ಡು ಕಟ್ಟದೆಯೂ ಕೇಳುವ ದಾರಿ ಇದೆ.

ದುಬಾರಿ ಹಾದಿಯಲ್ಲಿ ಹೆಸರಿರೋದು ಸಿಪಿಐಎಂ ಅನ್ನುವ ಸರ್ಟಿಫಿಕೇಟ್. ಮೊದಲು ಎಪಿಕ್ಸ್ ಅಂತಿದ್ದ, ಈಗ ಎಎಸ್‌ಸಿಎಂ ಅನ್ನುವ ಸಂಸ್ಥೆ ಕೊಡುತ್ತದೆ. ಪ್ಲಾನಿಂಗ್‌ಗೆ ಇದು ನೇರವಾಗಿ ಹೊಂದುತ್ತದೆ. ಶುಲ್ಕ ಡಾಲರ್ ಲೆಕ್ಕದಲ್ಲಿ, ಪಾಸಾದ ಮೇಲೂ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ದೊಡ್ಡ ಕಂಪನಿಗೆ, ಬೆಂಗಳೂರಿಗೋ ಪುಣೆಗೋ, ಹೋಗುವ ಮನಸ್ಸಿದ್ದು ಎರಡು ಮೂರು ವರ್ಷ ಪ್ಲಾನಿಂಗ್ ಮಾಡಿದ ಮೇಲೆ ತಗೊಳ್ಳಿ. ಆಗ ಕಂಪನಿಯೇ ಖರ್ಚು ಕೊಡುವ ಸಾಧ್ಯತೆಯೂ ಇರುತ್ತದೆ, ಕೇಳಿ ನೋಡಿ.

ನಿಮಗೆ ಫೋನ್ ಮಾಡುತ್ತಿರುವವರಿಗೆ ಮೂರು ಪ್ರಶ್ನೆ ಹಾಕಿ. ಪರೀಕ್ಷೆ ಯಾರು ನಡೆಸುತ್ತಾರೆ, ನೀವೋ ಹೊರಗಿನವರೋ? ಪಾಠ ಮಾಡುವವರು ಯಾವ ಕಾರ್ಖಾನೆಯಲ್ಲಿ ಪ್ಲಾನಿಂಗ್ ಮಾಡಿದ್ದರು? ಒಂದು ಪೂರ್ತಿ ಕ್ಲಾಸ್ ಮೊದಲೇ ತೋರಿಸುತ್ತೀರಾ? "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದರೆ ಫೋನ್ ಇಡಿ. "ಇವತ್ತೇ ಕಟ್ಟಿದರೆ ಅರ್ಧ ರೇಟು" ಅಂದರೂ ಅಷ್ಟೇ.

ಎಸ್‌ಎಪಿ (ದೊಡ್ಡ ಕಂಪನಿಗಳು ಬಳಸುವ ಒಂದು ಇಆರ್‌ಪಿ) ಕಲಿಯಲಾ ಅಂತಲೂ ಕೇಳಿದ್ದೀರಿ. ನಿಮ್ಮ ಕಾರ್ಖಾನೆ ಟ್ಯಾಲಿ ಮತ್ತು ಎಕ್ಸೆಲ್ ಮೇಲೆ ನಡೆಯುತ್ತಿದ್ದರೆ ಈಗ ಬೇಡ. ಬಳಸದೆ ಇದ್ದರೆ ಆರು ತಿಂಗಳಲ್ಲಿ ಪರದೆಗಳೆಲ್ಲ ಮರೆತುಹೋಗುತ್ತವೆ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್, ಸಮ್‌ಇಫ್ಸ್, ಲುಕಪ್ ಇಷ್ಟು ಕೈಗೆ ಹತ್ತಿದರೆ ಮೇಲಿನ ಲೆಕ್ಕವೆಲ್ಲ ಆಗುತ್ತದೆ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಲೀಡ್ ಟೈಮ್, ಲಾಟ್ ಸೈಜ್, ಬ್ಯಾಕ್‌ಲಾಗ್ ಇವನ್ನೆಲ್ಲ ನೀವು ಈಗಾಗಲೇ ದಿನಾ ಆಡುತ್ತೀರಿ. ವಿಡಿಯೋ ನಿಧಾನ ಮಾಡಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಕೆಲಸ ಹುಡುಕುವಾಗ "ಸಪ್ಲೈ ಚೈನ್" ಅಂತ ಮಾತ್ರ ಹಾಕಿದರೆ ನಮ್ಮ ಕಡೆಯ ಜಾಹೀರಾತು ಅಷ್ಟು ಸಿಗಲ್ಲ. ಪಿಪಿಸಿ ಎಂಜಿನಿಯರ್, ಮೆಟೀರಿಯಲ್ ಪ್ಲಾನರ್, ಪರ್ಚೇಸ್ ಅಸಿಸ್ಟೆಂಟ್ ಅಂತಲೂ ಹಾಕಿ ನೋಡಿ. ಎಂಜಿನಿಯರ್ ಅಂತ ಬರೆದಿದ್ದರೂ ಅರ್ಜಿ ಹಾಕಿ. ಸಣ್ಣ ಕಾರ್ಖಾನೆಗಳಲ್ಲಿ ಬಿಕಾಂ ಮಾಡಿದ ಪ್ಲಾನರ್‌ಗಳು ಬೇಕಾದಷ್ಟು ಜನ ಇದ್ದಾರೆ. ಬೇರಿಂಗ್ ಲೆಕ್ಕದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಂಕಿ ಬದಲಿಸಿ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.