ಕೊನೆಯ ಎರಡು ಹಾಡು ಬಿಟ್ಟು ಹೊರಟರೆ ಏನು ನಷ್ಟ? ನನಗೆ ಆದದ್ದು ಹೇಳುತ್ತೇನೆ

ಒಂದೇ ವಾರದಲ್ಲಿ ದೊಡ್ಡ ಮೈದಾನದಲ್ಲೊಂದು ರಾಕ್ ಶೋ, ಸಣ್ಣ ಹಾಲ್‌ನಲ್ಲೊಂದು ಜಾಝ್ ಕ್ವಾರ್ಟೆಟ್, ಅಂದರೆ ನಾಲ್ವರ ತಂಡ. ಒಂದಕ್ಕೆ ಮಾತ್ರ ಹೋಗೋಕಾಗುತ್ತೆ, ನೆನಪಲ್ಲಿ ಉಳಿಯುವಂಥದ್ದು ಯಾವುದು ಅಂತ ಕೇಳಿದ್ದೀರಿ. ಜೊತೆಗೆ, ಸೆಟ್‌ಲಿಸ್ಟ್ (ಆ ರಾತ್ರಿ ನುಡಿಸುವ ಹಾಡುಗಳ ಪಟ್ಟಿ) ಮೊದಲೇ ನೋಡಿಕೊಂಡು ಕೊನೆಯ ಎರಡು ಹಾಡು ಬಿಟ್ಟು ಹೊರಟರೆ ನೂಕುನುಗ್ಗಲು ತಪ್ಪುತ್ತೆ ಅಲ್ವಾ ಅಂತಲೂ ಕೇಳಿದ್ದೀರಿ. ಆ ಎರಡನೇ ಸಾಲು ಓದಿದಾಗ ಎದೆ ಧಸಕ್ಕೆಂದಿತು. ಹನ್ನೆರಡು ವರ್ಷದ ಹಿಂದೆ ಇದೇ ಲೆಕ್ಕ ಹಾಕಿದವನು ನಾನು.

ಅದು ಒಬ್ಬ ಗಿಟಾರ್ ವಾದಕರ ತಂಡ. ಗಿಟಾರ್, ಕೀಬೋರ್ಡ್, ಬಾಸ್, ಡ್ರಮ್ಸ್, ಒಟ್ಟು ನಾಲ್ಕು ಜನ. ರಾಕ್ ಕೇಳುವವರು ಅವರನ್ನು ರಾಕ್ ಅನ್ನುತ್ತಿದ್ದರು, ಜಾಝ್ ಕೇಳುವವರು ಜಾಝ್ ಅನ್ನುತ್ತಿದ್ದರು. ಅವರ ಎಲ್ಲ ಆಲ್ಬಮ್ಮೂ ನನಗೆ ಬಾಯಿಪಾಠ. ಅವರು ಬರುತ್ತಾರೆ ಅಂತ ಗೊತ್ತಾದ ದಿನದಿಂದ ಹಿಂದಿನ ಊರುಗಳಲ್ಲಿ ಏನೇನು ನುಡಿಸಿದರು ಅಂತ ಹುಡುಕುತ್ತಾ ಕೂತೆ. ಮೂರು ರಾತ್ರಿಯ ಪಟ್ಟಿ ಸಿಕ್ಕಿತು. ಮೂರೂ ಒಂದೇ ತರ. ಹನ್ನೊಂದು ರಚನೆ, ಆಮೇಲೆ ಜನ ಕರೆದರೆ ಮತ್ತೆ ಬಂದು ಇನ್ನೊಂದು. ಒಂದು ಕಾಗದದಲ್ಲಿ ಹನ್ನೆರಡನ್ನೂ ಸಾಲಾಗಿ ಬರೆದುಕೊಂಡೆ. ಮಡಚಿ ಅಂಗಿ ಜೇಬಿಗೆ ಹಾಕಿದೆ, ಒಂದು ಮೋಟು ಪೆನ್ಸಿಲ್ ಜೊತೆಗೆ.

ಶೋ ಶುರುವಾಯಿತು. ಒಂದೊಂದು ರಚನೆ ಮುಗಿದಾಗಲೂ ತೊಡೆ ಮೇಲೆ ಕಾಗದ ಬಿಡಿಸಿ, ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಟಿಕ್ ಹಾಕುತ್ತಿದ್ದೆ. ಪಟ್ಟಿ ಚಾಚೂ ತಪ್ಪಲಿಲ್ಲ. ಹತ್ತನೆಯದರ ನಡುವೆ ಬಾಸ್‌ನ ಸದ್ದು ದೊಡ್ಡದು ಮಾಡುವ ಆಂಪ್ ಗುಂಯ್ ಅಂತ ಸದ್ದು ಮಾಡಿ ಸತ್ತೇ ಹೋಯಿತು. ಡ್ರಮ್ಮರ್ ಕೋಲು ಕೆಳಗಿಟ್ಟು ಬ್ರಶ್ ಕೈಗೆತ್ತಿಕೊಂಡು ಸಣ್ಣಗೆ ಸವರುತ್ತಾ ಕೂತರು. ಟೆಕ್ನಿಷಿಯನ್ ಓಡಿ ಬಂದು ಆಂಪ್‌ನ ಹಿಂದೆ ಮಂಡಿಯೂರಿದ. ಎರಡು ನಿಮಿಷ ಆಯಿತು, ಮೂರಾಯಿತು.

ನಾನು ಗಡಿಯಾರ ನೋಡಿದೆ. ಕೊನೆಯ ಬಸ್ಸಿಗೆ ಇಪ್ಪತ್ತೈದು ನಿಮಿಷ ಇತ್ತು. ಕಾಗದ ನೋಡಿದೆ. ಉಳಿದದ್ದು ಎರಡು, ಎರಡೂ ರೆಕಾರ್ಡ್‌ನಲ್ಲಿ ನೂರಾರು ಸಲ ಕೇಳಿದವು. ಪಕ್ಕದಲ್ಲಿದ್ದ ಗೆಳತಿಗೆ "ಇನ್ನೇನಿಲ್ಲ, ಮುಗೀತು" ಅಂದೆ. ಅವಳು ವೇದಿಕೆ ಕಡೆಯಿಂದ ಕಣ್ಣು ತೆಗೆಯದೆ ಕೈಯಲ್ಲೇ ಹೋಗು ಅಂತ ಸನ್ನೆ ಮಾಡಿದಳು. ಎದ್ದು ಬಂದುಬಿಟ್ಟೆ. ಹೊರಬಾಗಿಲು ದಾಟುವಾಗ ಒಳಗಿನಿಂದ ಜೋರು ಚಪ್ಪಾಳೆ ಕೇಳಿಸಿತು. ಆಂಪ್ ಸರಿಹೋಗಿರಬೇಕು ಅಂದುಕೊಂಡೆ.

ಆಂಪ್ ಸರಿಹೋಗಿರಲಿಲ್ಲ. ಬಾಸ್ ವಾದಕರು ಒಳಗೆ ಹೋಗಿ, ಅವರಿಗಿಂತ ಮೊದಲು ನುಡಿಸಿದ್ದ ತಂಡದವರ ಡಬಲ್ ಬಾಸ್ ಎತ್ತಿಕೊಂಡು ಬಂದಿದ್ದರು. ಮರದ್ದು, ಆಳೆತ್ತರದ್ದು. ಆ ಚಪ್ಪಾಳೆ ಅದಕ್ಕೆ. ಆ ಬಾಸ್‌ಗೆ ಪಿಕಪ್ (ತಂತಿಯ ಸದ್ದು ಹಿಡಿದು ಆಂಪ್‌ಗೆ ಕಳಿಸುವ ಸಾಧನ) ಇರಲಿಲ್ಲ, ಹಾಗಾಗಿ ಉಳಿದವರೂ ದನಿ ತಗ್ಗಿಸಬೇಕಾಯಿತು. ಗಿಟಾರ್‌ನವರು ವಾಲ್ಯೂಮ್ ಹೆಚ್ಚುಕಡಿಮೆ ಪೂರ್ತಿ ಇಳಿಸಿ ವೇದಿಕೆಯ ಅಂಚಿಗೆ ಬಂದು ಕೂತರಂತೆ. ಕೀಬೋರ್ಡ್‌ನವರು ಮೂಲೆಯಲ್ಲಿದ್ದ ಹಳೇ ಪಿಯಾನೊದ ಮುಚ್ಚಳ ತೆಗೆದರಂತೆ. ಪಟ್ಟಿಯಲ್ಲಿದ್ದ ಎರಡನ್ನೂ ನುಡಿಸಲೇ ಇಲ್ಲ. ನಲವತ್ತು ನಿಮಿಷ ಒಂದೇ ಸಮನೆ, ಅಲ್ಲೇ ಹುಟ್ಟಿಸಿಕೊಂಡು ನುಡಿಸಿದರು. ಬಾಸ್ ವಾದಕರ ಬೆರಳು ತಂತಿ ಮೇಲೆ ಜಾರುವ ಕರಕರ ಸದ್ದು ಹತ್ತನೇ ಸಾಲಿನವರೆಗೂ ಕೇಳುತ್ತಿತ್ತು ಅಂದಳು ಗೆಳತಿ. ಕೊನೆಕೊನೆಗೆ ಡ್ರಮ್ಮರ್ ಬ್ರಶ್ಶನ್ನೂ ಬಿಟ್ಟು ಬರಿಗೈಯಲ್ಲಿ ನುಡಿಸಿದರು. ಯಾರೂ ಕೆಮ್ಮಲಿಲ್ಲ, ಯಾರೂ ಫೋನ್ ತೆಗೆಯಲಿಲ್ಲ. ಹಾಗಾಗಿ ಅದರ ರೆಕಾರ್ಡಿಂಗ್ ಎಲ್ಲೂ ಇಲ್ಲ. ನಾನು ವರ್ಷಗಟ್ಟಲೆ ಹುಡುಕಿದ್ದೇನೆ.

ಇಲ್ಲಿ ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು, ಯಾಕಂದ್ರೆ ಕೇಳಿದವರೆಲ್ಲ ಬಸ್ಸಿನ ಮೇಲೆ ಹಾಕುತ್ತಾರೆ. ತಪ್ಪು ಬಸ್ಸಿನದಲ್ಲ. ಗೆಳತಿಯ ಅಣ್ಣ ಕಾರು ತಂದಿದ್ದ, ಒಂದು ಮಾತು ಕೇಳಿದ್ದರೆ ಮನೆವರೆಗೂ ಬಿಡುತ್ತಿದ್ದ. ನಾನು ಕೇಳಲೇ ಇಲ್ಲ, ಏಕೆಂದರೆ ಕೇಳುವ ಅಗತ್ಯವೇ ಕಾಣಲಿಲ್ಲ. ಮುಂದೆ ಏನಾಗುತ್ತೆ ಅಂತ ನನಗೆ ಆಗಲೇ ಗೊತ್ತು ಅಂದುಕೊಂಡಿದ್ದೆ. ಪಟ್ಟಿ ನೋಡಿದ್ದು ಕೂಡ ದೊಡ್ಡ ತಪ್ಪಲ್ಲ. ಪಟ್ಟಿಯನ್ನು ನಂಬಿದ್ದು ತಪ್ಪು. ಕಣ್ಣೆದುರಿಗೇ ಆಂಪ್ ಸತ್ತಿದೆ, ಡ್ರಮ್ಮರ್ ಪಟ್ಟಿಯಲ್ಲಿಲ್ಲದ ಏನನ್ನೋ ನುಡಿಸುತ್ತಿದ್ದಾರೆ, ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ಅಂದರೆ ಆ ರಾತ್ರಿ ಹಿಂದಿನ ಮೂರು ರಾತ್ರಿಗಳಿಂದ ಬೇರೆ ದಾರಿ ಹಿಡಿದಿತ್ತು. ನಾನು ಅದನ್ನು ನೋಡುತ್ತಲೇ ಇದ್ದೆ. ನೋಡಿಯೂ "ಅಡಚಣೆ" ಅಂತ ಹೆಸರಿಟ್ಟು ಎದ್ದು ಬಂದೆ. ಇನ್ನೂ ಒಂದು ವಿಷಯ ಇದೆ. ಮೊದಲ ಒಂಬತ್ತನ್ನೂ ನಾನು ಸರಿಯಾಗಿ ಕೇಳಿರಲಿಲ್ಲ. ಒಂದು ಮುಗಿಯುವ ಮುಂಚೆಯೇ ಕೈ ಪೆನ್ಸಿಲ್ ಹುಡುಕುತ್ತಿತ್ತು. ಐದನೆಯದರ ಕೊನೆಯಲ್ಲಿ ಗಿಟಾರ್ ಮತ್ತು ಕೀಬೋರ್ಡ್ ಒಂದರೊಳಗೊಂದು ಹೊಸೆದುಕೊಂಡದ್ದನ್ನು ಗೆಳತಿ ವಿವರಿಸುತ್ತಿದ್ದರೆ, ನನಗೆ ನೆನಪಿದ್ದದ್ದು ಕತ್ತಲಲ್ಲಿ ಟಿಕ್ ಗುರುತು ಗೆರೆ ಬಿಟ್ಟು ಪಕ್ಕಕ್ಕೆ ಹೋದದ್ದು ಮಾತ್ರ.

ಹಾಗಾಗಿ ಎರಡರಲ್ಲಿ ನೆನಪಲ್ಲಿ ಉಳಿಯೋದು ಯಾವುದು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದು ಟಿಕೆಟ್ ಕೊಳ್ಳುವಾಗ ಗೊತ್ತಾಗುವ ವಿಷಯವೇ ಅಲ್ಲ. ಆ ರಾತ್ರಿಯ ನಂತರ ಹೆಸರಾದ ಲೈವ್ ಕಾರ್ಯಕ್ರಮಗಳ ಕತೆಗಳನ್ನು ಹುಚ್ಚು ಹಿಡಿದವನಂತೆ ಓದಿದೆ. ಎಷ್ಟೊಂದು ಕತೆಗಳಲ್ಲಿ ಏನೋ ಒಂದು ಕೆಟ್ಟಿದೆ, ಇಲ್ಲವೇ ತಡವಾಗಿದೆ. ಜನ ಆಗಲೇ ಎದ್ದು ಹೊರಟಿದ್ದಾರೆ.

ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವ, 1956ರ ಜುಲೈ 7. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ತಂಡಕ್ಕೆ ಮುಖ್ಯ ಸರದಿ ಸಿಕ್ಕಿದ್ದು ನಡುರಾತ್ರಿ ಹತ್ತಿರವಾದಾಗ. ಆ ಹೊತ್ತಿಗೆ ಒಂದಷ್ಟು ಜನ ಮನೆ ದಾರಿ ಹಿಡಿದಿದ್ದರು. ಎಲಿಂಗ್ಟನ್ ಸುಮಾರು ಇಪ್ಪತ್ತು ವರ್ಷ ಹಳೆಯ ಎರಡು ಬ್ಲೂಸ್ ಶೈಲಿಯ ರಚನೆಗಳನ್ನು ತೆಗೆದುಕೊಂಡು, ನಡುವಿನ ಸೇತುವೆ ಕಟ್ಟಲು ಟೆನರ್ ಸ್ಯಾಕ್ಸೊಫೋನ್‌ನ ಪಾಲ್ ಗೊನ್ಸಾಲ್ವೆಸ್ ಅವರನ್ನು ಬಿಟ್ಟರು. ಅವರು ಇಪ್ಪತ್ತೇಳು ಆವರ್ತ ನುಡಿಸಿದರು. ಬ್ಲೂಸ್‌ನ ಒಂದು ಆವರ್ತಕ್ಕೆ ಹನ್ನೆರಡು ಬಾರ್ (ತಾಳದ ಸಣ್ಣ ಅಳತೆ). ಅಂದರೆ 324 ಬಾರ್, ಒಬ್ಬರೇ. ಜನ ಕುರ್ಚಿ ಮೇಲೆ ಹತ್ತಿ ನಿಂತರು, ಸಾಲುಗಳ ನಡುವೆ ಕುಣಿದರು. ಇದರಲ್ಲೂ ಒಂದು ತಪ್ಪು ಇತ್ತು. ಗೊನ್ಸಾಲ್ವೆಸ್ ನುಡಿಸಿದ್ದು ರೆಕಾರ್ಡ್ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೊದ ಮೈಕಿಗೆ. ಹಾಗಾಗಿ ಆಗ ಬಂದ ರೆಕಾರ್ಡ್‌ನಲ್ಲಿ ಆ ಸ್ಯಾಕ್ಸ್ ದೂರದಲ್ಲೆಲ್ಲೋ ಇದ್ದಂತೆ ಕೇಳುತ್ತದೆ. ರೇಡಿಯೊ ಟೇಪ್ ಸಿಕ್ಕು, ಎರಡನ್ನೂ ಹೊಂದಿಸಿದ ಆವೃತ್ತಿ ಬಂದದ್ದು 1999ರಲ್ಲಿ. ನಲವತ್ತಮೂರು ವರ್ಷ ಅದನ್ನು ಹತ್ತಿರದಿಂದ ಕೇಳಿದ್ದ ಕಿವಿಗಳು ಅಂದರೆ ಆ ರಾತ್ರಿ ಎದ್ದು ಹೋಗದೆ ಉಳಿದವರದು.

ವುಡ್‌ಸ್ಟಾಕ್‌ದೂ ಹಾಗೇ. ಅಮೆರಿಕದಲ್ಲಿ ನಡೆದ, ಭಾನುವಾರ ರಾತ್ರಿ ಮುಗಿಯಬೇಕಿದ್ದ ಆ ರಾಕ್ ಉತ್ಸವ ಮಳೆಯಿಂದ, ತಡದಿಂದ ಎಳೆದುಕೊಂಡು ಹೋಯಿತು. ಜಿಮಿ ಹೆಂಡ್ರಿಕ್ಸ್ ವೇದಿಕೆಗೆ ಬಂದದ್ದು 1969ರ ಆಗಸ್ಟ್ 18ರ ಸೋಮವಾರ ಬೆಳಿಗ್ಗೆ. ಲಕ್ಷಗಟ್ಟಲೆ ಇದ್ದ ಜನರಲ್ಲಿ ಬಹುಪಾಲು ಅಷ್ಟರಲ್ಲಿ ಹೊರಟಾಗಿತ್ತು. ಅಮೆರಿಕದ ರಾಷ್ಟ್ರಗೀತೆಯನ್ನು ಅವರು ಗಿಟಾರ್‌ನಲ್ಲಿ ಹರಿದು ಚಿಂದಿ ಮಾಡಿ, ಬಾಂಬು ಬಿದ್ದ ಹಾಗೆ, ಸೈರನ್ ಕೂಗಿದ ಹಾಗೆ ನುಡಿಸಿದ್ದು ಕೆಸರಲ್ಲಿ ನಿಂತು ಉಳಿದವರ ಮುಂದೆ. ಇವತ್ತು ವುಡ್‌ಸ್ಟಾಕ್ ಅಂದರೆ ಮೊದಲು ನೆನಪಾಗೋದೇ ಅದು. ಆ ಮೂರು ದಿನ ಅಲ್ಲಿದ್ದು ಭಾನುವಾರ ರಾತ್ರಿ ಹೊರಟವರನ್ನು ನೆನೆದರೆ ನನಗೆ ನಿಜವಾಗಲೂ ಸಂಕಟವಾಗುತ್ತೆ.

ಕಲೋನ್‌ನದು ನಿಮಗೆ ಗೊತ್ತಿರಬಹುದು, ಆದರೂ ಹೇಳದೆ ಇರಲಾರೆ. 1975ರ ಜನವರಿ 24, ಜರ್ಮನಿಯ ಕಲೋನ್ ನಗರದ ಒಪೆರಾ ಹೌಸ್. ಪಿಯಾನೊ ವಾದಕ ಕೀತ್ ಜಾರೆಟ್ ಕೇಳಿದ್ದ ಪಿಯಾನೊ ಬರಲಿಲ್ಲ. ಬಂದದ್ದು ರಿಹರ್ಸಲ್‌ಗೆ ಬಳಸುವ ಚಿಕ್ಕ ಪಿಯಾನೊ. ಮೇಲಿನ ಸ್ವರಗಳು ತಗಡು ಬಡಿದ ಹಾಗೆ, ಕೆಳಗಿನವಕ್ಕೆ ತೂಕವೇ ಇಲ್ಲ, ಪೆಡಲ್‌ಗಳು ಸರಿಯಿಲ್ಲ. ಜೊತೆಗೆ ಜಾರೆಟ್‌ಗೆ ಬೆನ್ನುನೋವು. ನುಡಿಸಲ್ಲ ಅಂದವರನ್ನು ಒಪ್ಪಿಸಿದ್ದು ಕಾರ್ಯಕ್ರಮ ಏರ್ಪಡಿಸಿದ್ದ ವೇರಾ ಬ್ರಾಂಡೆಸ್, ಆಗಿನ್ನೂ ಹದಿಹರೆಯದ ಹುಡುಗಿ. ರಾತ್ರಿ ಹನ್ನೊಂದೂವರೆಗೆ ಶುರು. ಜಾರೆಟ್ ಹೆಚ್ಚಾಗಿ ಆ ಪಿಯಾನೊದ ನಡುಭಾಗದಲ್ಲೇ ಉಳಿದರು. ಬಾಸ್ ಸಾಲದ್ದನ್ನು ತುಂಬಲು ಎಡಗೈಯಲ್ಲಿ ಒಂದೇ ಲಯವನ್ನು ಮತ್ತೆ ಮತ್ತೆ ಬಡಿದರು. ಮೊದಲ ಭಾಗವೇ ಇಪ್ಪತ್ತಾರು ನಿಮಿಷ. ಒಬ್ಬರೇ ನುಡಿಸಿದ ಪಿಯಾನೊ ಆಲ್ಬಮ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾದವುಗಳ ಸಾಲಿನಲ್ಲಿ ಆ ರಾತ್ರಿಯ ರೆಕಾರ್ಡಿಂಗ್ ಇದೆ. ಒಳ್ಳೆ ಪಿಯಾನೊ ಬಂದಿದ್ದರೆ ಏನು ನುಡಿಸುತ್ತಿದ್ದರೋ, ಇದನ್ನಂತೂ ಅಲ್ಲ.

ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ 1960ರಲ್ಲಿ ಬರ್ಲಿನ್‌ನಲ್ಲಿ ಹಾಡಿನ ನಡುವೆ ಸಾಹಿತ್ಯವೇ ಮರೆತರು. ನಿಲ್ಲಿಸಲಿಲ್ಲ. ಮರೆತಿದ್ದೇನೆ ಅನ್ನುವುದನ್ನೇ ಹಾಡಿನೊಳಗೆ ಕಟ್ಟಿ ಹಾಡಿದರು. ಗ್ರ್ಯಾಮಿ ಪ್ರಶಸ್ತಿ ಬಂದದ್ದು ಅದಕ್ಕೇ.

ಇನ್ನೊಂದು ರೆಕಾರ್ಡಿಂಗ್ ನನ್ನನ್ನು ಬೇರೆ ತರ ಕಾಡುತ್ತೆ. 1961ರ ಜೂನ್ 25, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಮೂವರ ತಂಡ. ಪಿಯಾನೊ ಹಿಂದೆ ಗ್ಲಾಸುಗಳ ಟಿಣ್ ಟಿಣ್, ಮಾತು, ಯಾರದೋ ನಗು, ಎಲ್ಲ ಕೇಳುತ್ತೆ. ಬಾಸ್ ನುಡಿಸುತ್ತಿದ್ದ ಸ್ಕಾಟ್ ಲಫಾರೊ ಹನ್ನೊಂದು ದಿನಕ್ಕೆ ಕಾರ್ ಅಪಘಾತದಲ್ಲಿ ತೀರಿಕೊಂಡರು. ಇಪ್ಪತ್ತೈದು ವರ್ಷ ವಯಸ್ಸು. ಆ ಮಾತುಗಳನ್ನು ಕೇಳಿದಾಗೆಲ್ಲ ನನಗೆ ನನ್ನ ಪೆನ್ಸಿಲ್ ನೆನಪಾಗುತ್ತೆ. ಆ ಮಾತಾಡುತ್ತಿದ್ದವರೂ ಅಲ್ಲೇ ಕೂತಿದ್ದು ಕೇಳಿಸಿಕೊಳ್ಳಲಿಲ್ಲ, ನಾನೂ ಹಾಗೇ ಕೂತಿದ್ದೆ.

ಎಲ್ಲವೂ ಹೀಗೇ ಆಕಸ್ಮಿಕ ಅಂತ ಹೇಳುತ್ತಿಲ್ಲ. 1985ರ ಸಹಾಯಾರ್ಥ ಕಾರ್ಯಕ್ರಮ ಲೈವ್ ಏಯ್ಡ್‌ನಲ್ಲಿ ಕ್ವೀನ್ ರಾಕ್ ತಂಡದ ಸುಮಾರು ಇಪ್ಪತ್ತೊಂದು ನಿಮಿಷ ಚೆನ್ನಾಗಿ ತಾಲೀಮು ಮಾಡಿಕೊಂಡು ಬಂದದ್ದು. ದೊಡ್ಡ ರಾಕ್ ಶೋಗಳಲ್ಲಿ ಲೈಟು, ಪರದೆ ಮೇಲಿನ ದೃಶ್ಯ ಎಲ್ಲ ಹಾಡಿಗೆ ಹೊಂದಿಸಿರುತ್ತಾರೆ, ಅದಕ್ಕೇ ಸೆಟ್‌ಲಿಸ್ಟ್ ದಿನಾ ಹೆಚ್ಚುಕಡಿಮೆ ಒಂದೇ ಇರುತ್ತೆ. ಆದರೆ ಆ ದಿನ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಕ್ವೀನ್ ಗಾಯಕ ಫ್ರೆಡ್ಡಿ ಮರ್ಕ್ಯುರಿ "ಏ ಓ" ಅಂತ ಕೂಗಿ ಎಪ್ಪತ್ತು ಸಾವಿರ ಜನರ ಹತ್ತಿರ ವಾಪಸ್ ಹಾಡಿಸಿದರಲ್ಲ, ಅದು ಯಾವ ಪಟ್ಟಿಯಲ್ಲಿ ಬರುತ್ತೆ ಹೇಳಿ.

ಈಗ ನಿಮ್ಮ ವಿಷಯ. ನನ್ನ ಮಾತು ಕೇಳೋದಾದರೆ ಸಣ್ಣ ಹಾಲ್‌ಗೆ ಹೋಗಿ. ಜಾಝ್ ದೊಡ್ಡದು, ರಾಕ್ ಚಿಕ್ಕದು ಅಂತಲ್ಲ. ಸಣ್ಣ ಹಾಲ್‌ನಲ್ಲಿ ಅವರ ಮುಖ ಕಾಣುತ್ತೆ. ಒಬ್ಬರು ಹೊಸದೇನೋ ಹಿಡಿದಾಗ ಇನ್ನೊಬ್ಬರು ಹುಬ್ಬೇರಿಸುವುದು, ಡ್ರಮ್ಮರ್ ನಗುವುದು, ಇವು ಮೈದಾನದ ಪರದೆ ಮೇಲೆ ಸಿಗಲ್ಲ. ಡ್ರಮ್ಮರ್ ಕೈ ಕಾಣುವ ಕಡೆ ಕೂತುಕೊಳ್ಳಿ. ರಾಕ್ ಶೋ ಮೇಲೆಯೇ ಜೀವ ಇದ್ದರೆ ಅದಕ್ಕೇ ಹೋಗಿ, ನಾನು ಬೇಡ ಅನ್ನಲ್ಲ. ಎಲ್ಲಿಗೆ ಹೋದರೂ ಹಳೇ ಆಲ್ಬಮ್‌ಗಳನ್ನು ಎಷ್ಟು ಬೇಕಾದರೂ ಕೇಳಿಕೊಂಡು ಹೋಗಿ, ಕಿವಿ ಪಳಗಿರುತ್ತೆ. ಹಿಂದಿನ ರಾತ್ರಿಯ ಪಟ್ಟಿ ಮಾತ್ರ ನೋಡಬೇಡಿ. ಆಗಲೇ ನೋಡಿದ್ದೀರಾ? ಪರವಾಗಿಲ್ಲ, ಮನೆಯಲ್ಲೇ ಬಿಟ್ಟು ಹೋಗಿ.

ನೂಕುನುಗ್ಗಲು ಅಂದಿರಿ. ಅದು ಇಪ್ಪತ್ತು ನಿಮಿಷದ ಮಾತು. ಹಾಗೇ ಕೂತಿರಿ, ಕರಗುತ್ತೆ. ಹಾಲ್‌ನ ಲೈಟು ಹಾಕಿದ ಮಾತ್ರಕ್ಕೆ ಏಳಬೇಡಿ, ಡ್ರಮ್ಮರ್ ಸ್ಟ್ಯಾಂಡ್‌ನಿಂದ ಸಿಂಬಲ್ ತಟ್ಟೆಗಳನ್ನು ಬಿಚ್ಚಿ ಚೀಲಕ್ಕೆ ಹಾಕುವುದನ್ನು ನೋಡಿ ಆಮೇಲೆ ಎದ್ದೇಳಿ. ಮತ್ತೆ ವಾಪಸ್ ಹೋಗುವ ವ್ಯವಸ್ಥೆ ಇವತ್ತೇ ಮಾಡಿಕೊಳ್ಳಿ. ಗಾಡಿ ಇರುವ ಯಾರನ್ನಾದರೂ ಈಗಲೇ ಕೇಳಿಡಿ, ಎಷ್ಟು ಹೊತ್ತಾದರೂ ಕಾಯುತ್ತೀರಾ ಅಂತ. ನಾನು ಗೆಳತಿಯ ಅಣ್ಣನನ್ನು ಕೇಳಲೇ ಇಲ್ಲ.